ತಿದಿಯ ತೇಪೆ

ನನ್ನದು ಶ್ರುತಿಪೆಟ್ಟಿಗೆ ರಿಪೇರಿ.
ಮೇಳದವರ ಹಾರ್ಮೋನಿಯಂ, ಭಜನಾ ಮಂದಿರದ ಮುದಿ ಪೆಟ್ಟಿಗೆ,
ಬಂದರಿನ ಓಣಿಯಲ್ಲಿ ಒಂದೇ ಬಾಗಿಲಿನ ಅಂಗಡಿ.
ಫಾದರ್ ಸಿಪ್ರಿಯನ್ ಬಂದು
"ದೂಮಣ್ಣ, ಸ್ವಲ್ಪ ದೊಡ್ಡದುಂಟು" ಎಂದರು.
ಎಷ್ಟು ದೊಡ್ಡದು?
"ಏಣಿ ಬೇಕಾದೀತು."

ಜೆಪ್ಪುವಿನ ಇಗರ್ಜಿಯ ಅಟ್ಟದಲ್ಲಿ
ನಾನೂರ ಹನ್ನೆರಡು ಕೊಳವೆ.
ಕಿರುಬೆರಳಿನಷ್ಟರದ್ದರಿಂದ ಹಿಡಿದು
ನಾನೇ ಒಳಗೆ ನಿಲ್ಲಬಹುದಾದ ಮರದ ಗೂಡಿನವರೆಗೆ.
ಒಂದೊಂದೇ ಇಳಿಸಿ, ಬೆಂಚಿನ ಮೇಲೆ ಹಳೇ ಸೀರೆ ಹಾಸಿ
ಉದ್ದದ ಪ್ರಕಾರ ಮಲಗಿಸಿದೆ.
ಬಾಯೊಳಗೆ ಕುಂಬಾರಹುಳದ ಮಣ್ಣಿನ ಕೋಣೆ,
ಕಡಲ ಉಪ್ಪಿಗೆ ಬೂಸಲು ಹಿಡಿದ ಸೀಸ,
ಒಂದರಲ್ಲಿ ಯಾವ ಮಗುವೋ ತುರುಕಿದ
ಹುಣಸೆಬೀಜ, ಆರು.
ಊದಿದೆ. ಅದು ಕೆಮ್ಮಿತೋ ನಾನು ಕೆಮ್ಮಿದೆನೋ
ಆ ಧೂಳಿನಲ್ಲಿ ಗೊತ್ತಾಗಲಿಲ್ಲ.

ಎವುಲಾಲಿಯಾ ಬಾಯಿ ನೆಲ ಗುಡಿಸುವವರು,
ಹತ್ತು ಗಂಟೆಗೆ ಚಾ ತರುವವರು.
"ಇದಕ್ಕೆ ಗಾಳಿ ಹಾಕುತ್ತಿದ್ದದ್ದು ನನ್ನ ಅಪ್ಪ, ಬಾಸ್ತ್ಯಾಂವ್.
ವಾರವಿಡೀ ಹಂಚಿನ ಕಾರ್ಖಾನೆ, ಆದಿತ್ಯವಾರ ಇದು.
ಮೂವತ್ತೊಂದು ವರ್ಷ.
ಬಾರಿಸಿದವರ ಫೋಟೋ ಕೆಳಗೆ ಗೋಡೆಯಲ್ಲುಂಟು."

ಪರದೆ ಹಿಂದೆ ಹೋಗಿ ಹಿಡಿಯ ಹತ್ತಿರ ನಿಂತು ನೋಡಿದೆ.
ಮದುಮಗಳು ಕಾಣುವುದಿಲ್ಲ, ಪೀಠ ಕಾಣುವುದಿಲ್ಲ, ಪೆಟ್ಟಿಗೆ ಕಾಣುವುದಿಲ್ಲ.
ಕಾಣುವುದು ದಾರದ ತುದಿಗೆ ಒಂದು ಸೀಸದ ಗುಂಡು,
ಹಲಗೆಯ ಮೇಲೊಂದು ಗೆರೆ.
ಗುಂಡು ಗೆರೆ ದಾಟುವ ಮೊದಲು ಒತ್ತಬೇಕು, ಅಷ್ಟೆ ಕೆಲಸ.
ಹಿಡಿಯ ಮರ ಎರಡು ಕಡೆ ಸವೆದು
ಅಂಗೈಯ ಅಳತೆಗೆ ಕುಳಿ ಬಿದ್ದಿದೆ.
ನನ್ನ ಕೈ ಅದರಲ್ಲಿ ಕೂರಲಿಲ್ಲ. ಅವನದು ದೊಡ್ಡ ಕೈ.

ತಿದಿಯ ಚರ್ಮ ಮೂರು ಕಡೆ ಬಿರಿದಿತ್ತು.
ನಾಲ್ಕನೆಯ ಕಡೆ, ಮಡಿಕೆಯ ಮೇಲೆ, ಹಳೇ ತೇಪೆ.
ಹೊಲಿಗೆ ಇಲ್ಲ, ಮರವಜ್ರ ಮಾತ್ರ,
ಅಂಚು ಚೆಂದ ಕೆತ್ತಿ ಕೂರಿಸಿದ್ದು.
ಬಿಸಿಬಟ್ಟೆ ಇಟ್ಟು ಕತ್ತಿಯ ತುದಿಯಿಂದ ಎಬ್ಬಿಸಿದೆ.
ಅಡಿಯಲ್ಲಿ ತೂತಿಲ್ಲ.
ಹಲ್ಲಿನ ಗುರುತಿಲ್ಲ, ಬಿರುಕಿಲ್ಲ, ಒಂದು ಸೂಜಿಮೊನೆಯೂ ಇಲ್ಲ.
ಬಳೆ ತೆಗೆದ ಮೇಲೆ ಕಾಣುವ ಚರ್ಮದಂತೆ
ಎಳೆಯ ಬಣ್ಣದಲ್ಲಿ, ಗಟ್ಟಿಮುಟ್ಟಾಗಿ ಇತ್ತು.

"ಅದಾ? ಇಲಿ ಕಡಿದದ್ದು," ಎಂದರು ಬಾಯಿ, ಲೋಟ ಎತ್ತಿಕೊಳ್ಳುತ್ತ.
"ನನ್ನ ಅಮ್ಮನ ಮಣ್ಣಿನ ದಿವಸ. ನನಗಾಗ ಒಂಬತ್ತು.
ಗಾಳಿ ಹಾಕಲಿಕ್ಕೆ ಬೇರೆ ಜನ ಇರಲಿಲ್ಲ, ಅಪ್ಪನೇ ಹತ್ತಿದ್ದು.
ಪದ ಅರ್ಧದಲ್ಲಿ ಸೊಂಯ್ ಅಂತ ಇಳಿದುಹೋಯಿತು,
ಉಳಿದದ್ದನ್ನು ಜನ ಬಾಯಲ್ಲೇ ಹಾಡಿ ಮುಗಿಸಿದರು.
ಮರುದಿನ ಅಪ್ಪನೇ ತೇಪೆ ಹಾಕಿದ್ದು.
ಆ ಇಲಿಗೆ ಎಷ್ಟು ಬೈದದ್ದು ಮಾರಾಯ್ರೆ!
ಸಾಯುವ ತನಕ ಬೈಯುತ್ತಿದ್ದ."

ಚಾ ತಣ್ಣಗಾಗಿತ್ತು. ಕುಡಿದೆ.
ಇಲಿಗಳು ಹಾಗೆಯೇ, ಎಂದೆ.

ಗುಂಡು ಇಳಿಯುವುದನ್ನು ಅವನು ನೋಡಿರಬೇಕು.
ಗೆರೆಯ ಹತ್ತಿರ ಬಂದದ್ದನ್ನು, ದಾಟಿದ್ದನ್ನು.
ಕೈ ಹಿಡಿಯ ಮೇಲೆಯೇ ಇತ್ತೋ,
ಮುಖದ ಮೇಲಿತ್ತೋ.

ಈಗ ಕರೆಂಟಿನ ಫ್ಯಾನು ಬಂದಿದೆ, ಕೊಯಮತ್ತೂರಿನದ್ದು.
ಅದಕ್ಕೆ ಸುಸ್ತಿಲ್ಲ, ಯಾರ ಮಣ್ಣೂ ಅದಕ್ಕೆ ತಾಗುವುದಿಲ್ಲ.
ಗುಂಡು ಒಂದೇ ಕಡೆ ನಿಂತಿದೆ.
ನಾನೂರ ಹನ್ನೊಂದು ಕೊಳವೆ ಶ್ರುತಿಗೆ ಬಂದವು.
ಕಪ್ಪು ಎರಡರ ಒಂದು ದಪ್ಪ ಮರದ್ದು ಮಾತ್ರ
ಕೂದಲೆಳೆಯಷ್ಟು ಕೆಳಗೇ ಕೂತಿದೆ, ಹಟಮಾರಿ.
ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಬಂದು ನೋಡಬೇಕು.

ಬಿಲ್ಲು ಬರೆದೆ:
ಆಡಿನ ಚರ್ಮ, ಮೂರು ಕಡೆ.
ಮರವಜ್ರ, ಒಂದೂವರೆ ಕೇಜಿ.
ಫಾದರ್ ಕನ್ನಡಕ ಏರಿಸಿ ಕೇಳಿದರು:
"ನಾಲ್ಕನೆಯ ಕಡೆ ಹೊಸದು ಹಾಕಲಿಲ್ಲವಾ?"
ಹಳೇ ತೇಪೆಯನ್ನೇ ತಿರುಗಿ ಅಂಟಿಸಿದ್ದೇನೆ, ಎಂದೆ.
ಒಳ್ಳೆಯ ಕೆಲಸ ಅದು.
ಇನ್ನೂ ಬಾಳುತ್ತದೆ.